ಅಮ್ಮನ ಕೋಳಿಗೂಡು ಮತ್ತೆ ತುಂಬಿದ್ದು

ಬೆಳೆಗಾರ ಬಾಂಧವರಲ್ಲಿ ಹಲವರು, ಅವರಿಗಿಂತ ಹೆಚ್ಚಾಗಿ ಅವರ ಮನೆಯ ಹೆಂಗಸರು, ಸಂಘಕ್ಕೆ ಬಂದಾಗ ನಮ್ಮನ್ನು ಕೇಳುವುದುಂಟು: "ಹಿತ್ತಲಲ್ಲಿ ಹತ್ತು ಕೋಳಿ ಸಾಕಿದರೆ ಮನೆಗೆ ಮೊಟ್ಟೆ ಕೊಳ್ಳುವುದು ತಪ್ಪೀತೆ?" ತಪ್ಪುತ್ತದೆ. ಉಳಿದದ್ದನ್ನು ಮಾರಲೂ ಬಹುದು. ಆದರೆ ನಾವು ಈ ಕೆಲಸವನ್ನು ಎರಡು ಸಲ ಆರಂಭಿಸಿದವರು. ಮೊದಲ ಸಲ ಪೂರ್ತಿ ಸೋತೆವು. ಗೆದ್ದ ಕಥೆಯ ಜೊತೆಗೆ ಸೋತ ಕಥೆಯನ್ನೂ ಹೇಳಿದರೆ ಹೊಸದಾಗಿ ಕೈಹಾಕುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮದು ಕೊಪ್ಪದ ಕಡೆಯ ಮನೆ. ಎರಡು ಎಕರೆ ಅಡಿಕೆ, ಅದಕ್ಕೆ ತಾಗಿ ಮೂರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಮನೆಯಲ್ಲಿ ಅಮ್ಮ, ನಾವು ಗಂಡ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಅಮ್ಮನಿಗೆ ನಾಟಿ ಕೋಳಿ ಸಾಕುವುದು ತವರಿನಿಂದ ಬಂದ ರೂಢಿ. ಮೊಟ್ಟೆ ಮಾರಿದ ದುಡ್ಡು ಅವರದೇ. ಎಲೆ ಅಡಿಕೆಯ ಖರ್ಚು, ಜಾತ್ರೆಯ ಖರ್ಚು, ಮೊಮ್ಮಕ್ಕಳ ಕೈಗಿಡುವ ಪುಡಿಗಾಸು ಎಲ್ಲ ಅದರಲ್ಲಿಯೇ. ಅಡಿಕೆ ಬೆಲೆ ಏರಿದರೂ ಇಳಿದರೂ ಅವರು ನಮ್ಮ ಮುಂದೆ ಕೈಯೊಡ್ಡಿದ್ದಿಲ್ಲ.

2016ರ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂತು. ಮೊದಲು ಒಂದು ಹೇಂಟೆ ಮೂಲೆಯಲ್ಲಿ ತೂಕಡಿಸುತ್ತ ಕುಳಿತಿತು. ಮರುದಿನ ನಾಲ್ಕು ಕೋಳಿ ಹಸಿರು ಭೇದಿ ಮಾಡಿಕೊಂಡವು. ಉಸಿರಿಗೆ ಬಾಯಿ ತೆರೆಯುವುದು, ಕತ್ತು ತಿರುಚಿಕೊಳ್ಳುವುದು, ರೆಕ್ಕೆ ಜೋಲುವುದು. ಒಂದೇ ವಾರದಲ್ಲಿ ಇಪ್ಪತ್ತೆರಡು ಕೋಳಿಗಳಲ್ಲಿ ಇಪ್ಪತ್ತೊಂದು ಹೋದವು. ಈ ರೋಗ ಬಂದ ಮೇಲೆ ಮದ್ದಿಲ್ಲ, ಬಾರದಂತೆ ಲಸಿಕೆ ಮಾತ್ರ ಇದೆ. ನಾವು ಲಸಿಕೆ ಹಾಕಿಸಿರಲಿಲ್ಲ. ನಾಟಿ ಕೋಳಿಗೆ ಲಸಿಕೆ ಯಾಕೆ ಎಂಬುದು ಆಗಿನ ನಮ್ಮ ತಿಳುವಳಿಕೆ. ಅಲ್ಲಿಂದ ಆರು ವರ್ಷ ಅಮ್ಮನ ಕೋಳಿಗೂಡಿನಲ್ಲಿ ಹರಿದ ಗೋಣಿಯೂ ಔಷಧಿ ಹೊಡೆಯುವ ಪೈಪೂ ತುಂಬಿದ್ದವು. ಮೊಟ್ಟೆ ಪೇಟೆಯಿಂದ ಬರತೊಡಗಿತು. ಅಮ್ಮ ಏನೂ ಹೇಳಲಿಲ್ಲ. ಜಾತ್ರೆಗೆ ಹೋಗುವುದನ್ನು ಮಾತ್ರ ನಿಲ್ಲಿಸಿದರು.

ಮೊದಲ ಪ್ರಯತ್ನ

2022ರ ಜೂನ್ ಮೊದಲ ವಾರ, ಶಾಲೆ ತೆರೆದ ಉತ್ಸಾಹದಲ್ಲಿ, ಮೂವತ್ತು ಗಿರಿರಾಜ ಮರಿ ತಂದೆವು. ಗಿರಿರಾಜ ನಮ್ಮ ರಾಜ್ಯದ್ದೇ ತಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು, 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಿಂದ ಬಿಡುಗಡೆಯಾದದ್ದು. ಬಣ್ಣಬಣ್ಣದ ಪುಕ್ಕ, ಹಿತ್ತಲಲ್ಲಿ ಮೇಯುವ ಗುಣ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇದು ಆರೈಕೆ ಸರಿಯಿದ್ದಲ್ಲಿ ನೂರಮೂವತ್ತನ್ನು ದಾಟುತ್ತದೆ. ಇದಾದ ಮೇಲೆ 2005ರಲ್ಲಿ ಸ್ವರ್ಣಧಾರ ಎಂಬ ತಳಿಯೂ ಬಂದಿದೆ. ಮೈ ಗಿರಿರಾಜಕ್ಕಿಂತ ಸಣ್ಣದು, ಮೊಟ್ಟೆ ಹೆಚ್ಚು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ, ವನರಾಜ ತಳಿಗಳೂ ಹಿತ್ತಲಿಗೆ ಹೊಂದುವಂಥವೇ. ಮೊಟ್ಟೆಯೇ ಮುಖ್ಯವೆನ್ನುವವರು ಸ್ವರ್ಣಧಾರ ಅಥವಾ ಗ್ರಾಮಪ್ರಿಯವನ್ನು ಕೇಳಬಹುದು. ನಮಗೆ ಆಗ ಸಿಕ್ಕಿದ್ದು ಗಿರಿರಾಜ.

ಮರಿ ಒಳ್ಳೆಯವೇ ಇದ್ದವು. ತಂದ ಕಾಲ ಕೆಟ್ಟದ್ದು.

ಮೊಟ್ಟೆಯಿಂದ ಹೊರಬಂದ ಮರಿಗೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್‌ನಂತೆ ಇಳಿಸುತ್ತ ಬರಬೇಕು. ತಾಯಿಕೋಳಿ ಇದ್ದರೆ ಅದರ ರೆಕ್ಕೆಯ ಅಡಿ ಇದೆಲ್ಲ ತಾನಾಗಿ ನಡೆಯುತ್ತದೆ. ತಾಯಿ ಇಲ್ಲದ ಮರಿಗೆ ಬಲ್ಬು ಕಟ್ಟಬೇಕು, ಮರಿಯೊಂದಕ್ಕೆ ಎರಡು ವಾಟಿನ ಲೆಕ್ಕದಲ್ಲಿ. ಉಗ್ರಾಣದ ಮೂಲೆಯಲ್ಲಿ ಉಮಿ ಹರಡಿ, ಬಲ್ಬು ಇಳಿಬಿಟ್ಟು, ನೆಮ್ಮದಿಯಿಂದ ಊಟಕ್ಕೆ ಕುಳಿತೆವು. ಮರಿಗಳು ಚೀರುವುದು ನಿಲ್ಲಲಿಲ್ಲ. ಅಮ್ಮ ಹೋಗಿ ಬಲ್ಬಿಗೆ ಕೈಯೊಡ್ಡಿ ನೋಡಿ, "ಇದು ಬೆಳದಿಂಗಳು ಕಣೋ, ಬಿಸಿಯೆಲ್ಲಿದೆ ಇದರಲ್ಲಿ?" ಎಂದರು. ನಾವು ಹಾಕಿದ್ದು ಎಲ್‌ಇಡಿ ಬಲ್ಬು! ಅದು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆಯ ಕಾಲದ ತಂತಿಯ ಬಲ್ಬೇ ಆಗಬೇಕು. ಈಗ ಎಲ್ಲ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ಮರಿ ತರುವ ಮೊದಲು ಎರಡನ್ನು ಹುಡುಕಿ ತಂದಿಟ್ಟುಕೊಳ್ಳಿ.

ರಾತ್ರಿ ಪಕ್ಕದ ಮನೆಯಿಂದ 60 ವಾಟಿನ ಬಲ್ಬು ತಂದು ಕಟ್ಟಿದೆವು. ಎರಡು ದಿನ ನಡೆಯಿತು. ಮೂರನೆಯ ರಾತ್ರಿ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯಿತು. ಹದಿನಾಲ್ಕು ಗಂಟೆ ಕರೆಂಟಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದೇನು ಹೊಸತೇ? ಗೊತ್ತಿದ್ದೂ ನಾವು ಜೂನ್‌ನಲ್ಲಿ ತಂದದ್ದೇ ತಪ್ಪು. ಬೆಳಿಗ್ಗೆ ನೋಡಿದರೆ ಚಳಿಗೆ ಮರಿಗಳೆಲ್ಲ ಗೋಡೆಯ ಮೂಲೆಗೆ ನುಗ್ಗಿ ಒಂದರ ಮೇಲೊಂದು ರಾಶಿಯಾಗಿದ್ದವು. ಅಡಿಯಲ್ಲಿದ್ದ ಹನ್ನೊಂದು ಉಸಿರುಕಟ್ಟಿ ಸತ್ತಿದ್ದವು. ಚಿಕ್ಕ ಮಗಳು ಆ ದಿನ ಶಾಲೆಗೆ ಹೋಗಲಿಲ್ಲ.

ಉಳಿದವಕ್ಕೆ ಇನ್ನೊಂದು ಗ್ರಹಚಾರ. ಎಡೆಬಿಡದ ಮಳೆಯಲ್ಲಿ ಉಮಿ ಒಣಗಲೇ ಇಲ್ಲ. ಹಿಡಿದರೆ ಉಂಡೆಕಟ್ಟುವಷ್ಟು ತೇವ, ಕಣ್ಣುರಿಯುವ ವಾಸನೆ. ನಾಲ್ಕನೆಯ ವಾರ ರಕ್ತಭೇದಿ ಆರಂಭವಾಗಿ ಎಂಟು ಮರಿ ಸತ್ತವು. ರೋಗದ ಬೀಜ ತೇವದಲ್ಲಿ ಬಲಿಯುತ್ತದೆ, ಒಣ ಹಾಸಿನಲ್ಲಿ ಅದರ ಆಟ ನಡೆಯದು. ಹನ್ನೊಂದು ಮರಿ ಉಳಿದವು. ಲಸಿಕೆಗೆಂದು ಪಶು ಆಸ್ಪತ್ರೆಯೊಂದಕ್ಕೆ ಹೋದರೆ, ಸೀಸೆ ನೂರು ಕೋಳಿಯದು, ಒಮ್ಮೆ ಒಡೆದರೆ ಅಂದೇ ಮುಗಿಯಬೇಕು, ಹನ್ನೊಂದಕ್ಕೆ ಒಡೆಯುವುದು ಹೇಗೆ, ಬೇರೆಯವರೂ ಬಂದಾಗ ನೋಡೋಣ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬೇರೆಯವರು ಬರಲಿಲ್ಲ, ನಾವೂ ಮತ್ತೆ ಹೋಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಆ ಹನ್ನೊಂದರ ಕತ್ತೂ ತಿರುಚಿಕೊಂಡವು.

ನಾಲ್ಕು ಮನೆ, ನೂರು ಮರಿ

ಬಿಟ್ಟುಬಿಡೋಣ ಎಂದೇ ನಿಶ್ಚಯಿಸಿದ್ದೆವು. ಬಿಡದಂತೆ ಮಾಡಿದ್ದು ಆ ಸೀಸೆಯ ಮಾತು. ನೂರು ಕೋಳಿಗೆ ಒಂದು ಸೀಸೆಯಾದರೆ ನೂರು ಮರಿಯನ್ನು ಒಂದೇ ದಿನ ತರಬೇಕು. ಒಂದು ಮನೆಗೆ ನೂರು ಹೆಚ್ಚಾಯಿತು, ನಾಲ್ಕು ಮನೆಗೆ ಇಪ್ಪತ್ತೈದರಂತೆ ಸರಿಹೋಯಿತು. ಕೆಳಮನೆ, ಹೊಳೆಯಾಚೆಯ ಎರಡು ಮನೆ, ನಮ್ಮದು. ಎಲ್ಲ ಮರಿಗೂ ಒಂದೇ ವಯಸ್ಸು, ಆದ್ದರಿಂದ ಎಲ್ಲ ಲಸಿಕೆಗೂ ಒಂದೇ ತಾರೀಖು. ಬಾಡಿಗೆ ಜೀಪಿನ ಖರ್ಚು ಕಾಲು ಪಾಲಾಯಿತು. ಇದು ಇಷ್ಟು ಸರಳವಾದ ವಿಷಯ. ಇಪ್ಪತ್ತು ವರ್ಷದಿಂದ ಸಂಘದಲ್ಲಿ ಸುಣ್ಣ, ಮೈಲುತುತ್ತ, ಗೊಬ್ಬರ ಎಲ್ಲವನ್ನೂ ಒಟ್ಟಾಗಿ ತರಿಸುತ್ತಿದ್ದವರಿಗೆ ಕೋಳಿಮರಿಯ ವಿಚಾರದಲ್ಲಿ ಹೊಳೆದಿರಲಿಲ್ಲ.

ಕಾಲವನ್ನೂ ಬದಲಿಸಿದೆವು. ಮಹಾನವಮಿ ಕಳೆದ ಮೇಲೆ, ಅಕ್ಟೋಬರ್ ಎರಡನೆಯ ವಾರ. ಮಳೆ ಹಿಂದಾಗಿರುತ್ತದೆ, ಹಗಲು ಬಿಸಿಲು ಬೀಳುತ್ತದೆ. ಕೊನೆ ಕೊಯ್ಲು ಬಿರುಸಾಗಿ, ಕಾಫಿ ಹಣ್ಣು ಕೀಳುವ ಹೊತ್ತಿಗೆ ಮರಿಗಳು ಆರು ಏಳು ವಾರದವಾಗಿ ತಾವೇ ಮೇಯುವಂತಾಗುತ್ತವೆ. ಐದೂವರೆ ತಿಂಗಳಿಗೆ ಮೊಟ್ಟೆ ಎಂದು ಹಿಡಿದರೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ.

ಅಮ್ಮ ಒಂದು ಷರತ್ತು ಹಾಕಿದರು. "ನಿಮ್ಮ ಕರೆಂಟಿನ ತಾಯಿಯನ್ನು ನಾನು ನಂಬುವುದಿಲ್ಲ. ಕಾವಿಗೆ ಕೂತ ಹೇಂಟೆ ಒಂದು ಬೇಕು." ಕೆಳಮನೆಯ ಅಕ್ಕನ ನಾಟಿ ಹೇಂಟೆಯೊಂದು ಹದಿನೈದು ದಿನದಿಂದ ಕಾವಿಗೆ ಕುಳಿತಿತ್ತು. ಮಂಕರಿ ಸಮೇತ ಅದನ್ನು ಮನೆಗೆ ತಂದೆವು. ಮರಿ ಬಂದ ರಾತ್ರಿ, ಮನೆಯ ದೀಪವೆಲ್ಲ ಆರಿದ ಮೇಲೆ, ಅಮ್ಮ ಕತ್ತಲಲ್ಲೇ ಹೇಂಟೆಯ ಹೊಟ್ಟೆಯಡಿ ಕೈಹಾಕಿ ಒಂದು ಮೊಟ್ಟೆ ತೆಗೆಯುವುದು, ಒಂದು ಮರಿ ತೂರಿಸುವುದು, ಹೀಗೆ ಹನ್ನೆರಡನ್ನು ಸೇರಿಸಿದರು. ಹೇಂಟೆ ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಬೆಳಿಗ್ಗೆ ಹನ್ನೆರಡು ಮರಿಯ ತಾಯಿ! ಮರಿ ಒಂದೆರಡು ದಿನದ್ದೇ ಆಗಿರಬೇಕು, ಹೇಂಟೆ ಎರಡು ವಾರವಾದರೂ ಕಾವಿಗೆ ಕುಳಿತಿರಬೇಕು, ಅದರ ಮೈಯ ಹೇನನ್ನು ಮೊದಲೇ ತೆಗೆದಿರಬೇಕು. ಬೆಳಗಾದೊಡನೆ ಅದು ಮರಿಯನ್ನು ಕುಕ್ಕುತ್ತಿಲ್ಲ ಎಂದು ಹತ್ತಿರ ಕುಳಿತು ನೋಡಿಕೊಳ್ಳಬೇಕು. ಎಲ್ಲ ಹೇಂಟೆಯೂ ಒಪ್ಪುವುದಿಲ್ಲ. ಗಿರಿರಾಜ ಹೇಂಟೆಗಳು ಕಾವಿಗೆ ಕೂರುವುದು ಬಹಳ ಕಡಿಮೆ, ಆದುದರಿಂದ ಹೊಸ ತಳಿ ತಂದವರು ಮನೆಯ ನಾಟಿ ಹೇಂಟೆಯನ್ನು ಸಾರಿಗೆ ಹಾಕಬೇಡಿ.

ಉಳಿದ ಹದಿಮೂರನ್ನು ಬಲ್ಬಿನಡಿ ಬಿಟ್ಟೆವು. ಈ ಸಲ ಮೂಲೆಯಿಲ್ಲ. ಎರಡು ಅಡಿ ಎತ್ತರದ ತಗಡನ್ನು ದುಂಡಗೆ ಬಗ್ಗಿಸಿ ನಿಲ್ಲಿಸಿ ಒಳಗೆ ಎರಡಂಗುಲ ಒಣ ಉಮಿ ಹಾಸಿದೆವು. ದುಂಡಗಿದ್ದರೆ ನುಗ್ಗಿ ಒಟ್ಟಲು ಜಾಗವಿರುವುದಿಲ್ಲ. ಮೊದಲ ಎರಡು ಮೂರು ದಿನ ಉಮಿ ತಿನ್ನದಂತೆ ಮೇಲೆ ತೆಳ್ಳನೆಯ ಗೋಣಿ ಹಾಸಿದೆವು. ಬರೀ ಕಾಗದ ಹಾಕಿದರೆ ಜಾರಿ ಕಾಲು ಅಗಲಿಸಿಕೊಳ್ಳುತ್ತವೆ. ಬಂದೊಡನೆ ಕುದಿಸಿ ಆರಿಸಿದ ನೀರಿಗೆ ಸ್ವಲ್ಪ ಬೆಲ್ಲ ಕದಡಿ, ಒಂದೊಂದರ ಕೊಕ್ಕನ್ನು ಅದ್ದಿ ಕುಡಿಸಿದೆವು. ಮೇವು ಆಮೇಲೆ. ಮೇವಿನ ತಟ್ಟೆಗೆ ಅಡಿಕೆ ಹಾಳೆಯನ್ನು ಕತ್ತರಿಸಿಕೊಂಡೆವು, ಕೊಳೆಯಾದರೆ ಬಿಸಾಡಿ ಹೊಸದು. ಶಾಖ ಸರಿಯಿದೆಯೆ ಎಂದು ತಿಳಿಯಲು ಉಷ್ಣಮಾಪಕ ಇಲ್ಲದಿದ್ದರೂ ಆದೀತು. ಮರಿಗಳು ಬಲ್ಬಿನಡಿ ಒತ್ತೊತ್ತಿ ನಿಂತರೆ ಚಳಿ, ತಗಡಿನ ಅಂಚಿಗೆ ಹೋಗಿ ಬಾಯಿ ಕಳೆದರೆ ಸೆಕೆ, ಎಲ್ಲ ಕಡೆ ಹರಡಿ ಮಲಗಿದರೆ ಹಿತ. ಬಲ್ಬನ್ನು ಅದಕ್ಕೆ ತಕ್ಕಂತೆ ಮೇಲೆ ಕೆಳಗೆ ಮಾಡಿದರಾಯಿತು. ಈ ಹದಿಮೂರರಲ್ಲಿ ಒಂದು ಮೊದಲ ವಾರ ಸತ್ತಿತು. ಹೇಂಟೆಯ ಹನ್ನೆರಡರಲ್ಲಿ ಒಂದೂ ಇಲ್ಲ. ಅಮ್ಮ ಇದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಲಸಿಕೆಯ ದಿನ ನಮ್ಮ ಜಗಲಿಯಲ್ಲಿ ಸಣ್ಣ ಹಬ್ಬವೇ ಆಯಿತು. ಮರಿ ಕೊಳ್ಳುವಾಗಲೇ ಮೊದಲ ದಿನದ ಮಾರೆಕ್ಸ್ ಲಸಿಕೆ ಆಗಿದೆಯೆ ಎಂದು ಕೇಳಿಕೊಂಡಿದ್ದೆವು. ಏಳನೆಯ ದಿನ ಕೊಕ್ಕರೆ ರೋಗಕ್ಕೆ ಲಸೋಟ, ಕಣ್ಣಿಗೆ ಒಂದು ಹನಿ. ಹದಿನಾಲ್ಕನೆಯ ದಿನ ಗುಂಬೊರೊ ರೋಗದ್ದು. ನಾಲ್ಕನೆಯ ವಾರ ಮತ್ತೆ ಲಸೋಟ. ಏಳನೆಯ ವಾರದ ಸುಮಾರಿಗೆ ಸಿಡುಬಿನದು. ಎಂಟನೆಯ ವಾರ ಕೊಕ್ಕರೆ ರೋಗಕ್ಕೆ ಆರ್‌ಟುಬಿ ಎಂಬ ಚುಚ್ಚುಮದ್ದು, ರೆಕ್ಕೆಯ ಅಡಿಯ ಚರ್ಮಕ್ಕೆ. ಸೀಸೆಯನ್ನು ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ತರಬೇಕು. ಬಿಸಿಲಿಗೆ ಬಿದ್ದ ಲಸಿಕೆ ಬರಿಯ ನೀರು. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕೆಂದು ನಾಲ್ಕು ಮನೆಯ ಬುಟ್ಟಿಗಳೂ ಬೆಳಿಗ್ಗೆ ಏಳಕ್ಕೇ ಒಂದೆಡೆ ಸೇರಿದವು. ಪಶುವೈದ್ಯರ ಸಹಾಯಕರು ಮೊದಲ ಸಲ ತಾವೇ ಬಂದು ಹಾಕಿ ತೋರಿಸಿದರು. "ಹನಿ ಕಣ್ಣೊಳಗೆ ಇಳಿಯುವವರೆಗೆ ಮರಿ ಬಿಡಬೇಡಿ ಗೌಡ್ರೇ, ಎಷ್ಟೋ ಜನ ಅಲ್ಲೇ ಕೆಡಿಸುವುದು" ಎಂದ ಮಾತನ್ನು ನೆನಪಿಟ್ಟುಕೊಂಡಿದ್ದೇವೆ. ಖಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬಾರದು. ಅನಂತರ ಆರು ತಿಂಗಳಿಗೊಮ್ಮೆ ಚುಚ್ಚುಮದ್ದನ್ನು ಮರುಕಳಿಸುತ್ತಿದ್ದೇವೆ.

ಹೊರಗೆ ಬಿಟ್ಟ ಮೇಲೆ

ನವೆಂಬರ್ ಕೊನೆಗೆ ಮರಿಗಳನ್ನು ಹಿತ್ತಲಿಗೆ ಬಿಟ್ಟೆವು. ಹಳೆಯ ಗೂಡನ್ನು ಅಡಿಕೆ ದಬ್ಬೆಯಿಂದ ಹೊಸದಾಗಿ ಕಟ್ಟಿ, ನೆಲದಿಂದ ಎರಡಡಿ ಎತ್ತರಿಸಿ, ಹಂಚು ಹೊದಿಸಿದ್ದೆವು. ಒಳಗೆ ಕೂರಲು ಗಳು. ರಾತ್ರಿಗೆ ಕೋಳಿಯೊಂದಕ್ಕೆ ಒಂದೂವರೆ ಚದರಡಿ ಸಾಕು. ದಬ್ಬೆಗಳ ಸಂದಿ ಮಾತ್ರ ಕಿರಿದಾಗಿರಬೇಕು. ಕಬ್ಬೆಕ್ಕು ತಲೆ ತೂರುವಷ್ಟು ಸಂದಿಯಿದ್ದರೆ ಮೈಯೂ ತೂರುತ್ತದೆ ಎಂದು ಒಂದು ಕೋಳಿ ಕಳೆದುಕೊಂಡು ಕಲಿತೆವು. ಒಳಗಿನಿಂದ ಅರ್ಧ ಇಂಚಿನ ತಂತಿಬಲೆ ಹೊಡೆದ ಮೇಲೆ ಅದರ ಕಾಟ ನಿಂತಿತು. ಗಿಡುಗ ಎರಡನ್ನು ಒಯ್ದಿತು. ಇನ್ನೊಂದು ಹೋದದ್ದು ನಮ್ಮದೇ ತಪ್ಪಿನಿಂದ. ಹೆಗ್ಗಣಕ್ಕೆಂದು ಅಡಿಕೆ ಬುಡದಲ್ಲಿ ಇಟ್ಟ ಪಾಷಾಣದ ಉಂಡೆ ಮರೆತಿತ್ತು. ಕೋಳಿ ಇರುವ ಮನೆಯಲ್ಲಿ ವಿಷದ ಉಂಡೆ, ಹರಳು ರೂಪದ ಕೀಟನಾಶಕ ಎರಡೂ ಇರಬಾರದು. ಹರಳನ್ನು ಅವು ಕಾಳೆಂದೇ ಹೆಕ್ಕುತ್ತವೆ. ಬೋರ್ಡೋ ಬೆರೆಸುವ ಪೀಪಾಯಿಯ ಹತ್ತಿರವೂ ಬಿಡಬೇಡಿ.

ಕಣದ ಜಗಳವನ್ನೂ ಹೇಳಲೇಬೇಕು. ಕೋಳಿಗೆ ಒಣಹಾಕಿದ ಕಾಫಿಯ ಮೇಲೆ ನಡೆದು ಕೆದಕುವುದೆಂದರೆ ಏನೋ ಸುಖ. ಹಿಕ್ಕೆ ಬಿದ್ದ ಕಾಫಿಯನ್ನು ಯಾವ ಮುಖದಿಂದ ಸಂಘಕ್ಕೆ ತರುವುದು? ಎಳೆಯ ಮೆಣಸಿನ ಬಳ್ಳಿಯ ಬುಡವನ್ನೂ ಕೆದಕಿ ಬೇರು ಹೊರಹಾಕಿದವು. ಬೇರಿಗೆ ಗಾಯವಾದರೆ ಸೊರಗು ರೋಗಕ್ಕೆ ಬಾಗಿಲು ತೆರೆದಂತೆ. ಒಂದು ವಾರ ನಾವೂ ಅಮ್ಮನೂ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಕಣದ ಸುತ್ತ ಹಳೆಯ ಬಲೆ ಕಟ್ಟಿದೆವು, ಎಳೆಬಳ್ಳಿಗಳ ಬುಡಕ್ಕೆ ಮುಳ್ಳು ಒತ್ತಿದೆವು. ಕಣ ತುಂಬಿದ ದಿನ ಕೋಳಿಗಳನ್ನು ಮಧ್ಯಾಹ್ನದ ತನಕ ಗೂಡಿನಲ್ಲಿಯೇ ಉಳಿಸುತ್ತೇವೆ. ಬೆಳೆದ ಅಡಿಕೆ ತೋಟದಲ್ಲಿ ಇವುಗಳಿಂದ ತೊಂದರೆಯಿಲ್ಲ. ಗೆದ್ದಲು, ಹುಳುಹುಪ್ಪಟೆ ಹೆಕ್ಕಿಕೊಂಡು ಸಂಜೆ ತಾವೇ ಬರುತ್ತವೆ.

ಮೊದಲ ಆರು ವಾರ ಅಂಗಡಿಯ ಮರಿಮೇವನ್ನೇ ಕೊಟ್ಟೆವು. ಅಲ್ಲಿ ಚೌಕಾಸಿ ಬೇಡ. ಹೊರಗೆ ಬಿಟ್ಟ ಮೇಲೆ ನುಚ್ಚು, ತೌಡು, ಜೋಳದ ನುಚ್ಚು, ಅಡುಗೆಮನೆಯಲ್ಲಿ ಉಳಿದದ್ದು, ಒಟ್ಟು ಕೋಳಿಯೊಂದಕ್ಕೆ ದಿನಕ್ಕೆ ನಲವತ್ತು ಗ್ರಾಂ ಸುಮಾರು. ಬಾಕಿ ಹೊಟ್ಟೆಯನ್ನು ತೋಟ ತುಂಬಿಸುತ್ತದೆ. ಪ್ರೀತಿಯಿಂದ ಹೆಚ್ಚು ಹಾಕಿದರೆ ಕೊಬ್ಬು ಬೆಳೆದು ಮೊಟ್ಟೆ ಕಡಿಮೆಯಾಗುತ್ತದೆ. ಮೊಟ್ಟೆಯಿಡುವ ಹೇಂಟೆಗೆ ಸುಣ್ಣದ ಅಂಶ ಬೇಕು. ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿ ಇಟ್ಟರೆ ತಮಗೆ ಬೇಕಾದಷ್ಟು ತಿನ್ನುತ್ತವೆ.

2023ರ ಯುಗಾದಿ ಕಳೆದು ನಾಲ್ಕನೆಯ ದಿನ, ಅಡಿಕೆ ಹಾಳೆ ಹಾಸಿದ ಬುಟ್ಟಿಯಲ್ಲಿ ಒಂದು ಕಂದು ಮೊಟ್ಟೆ ಇತ್ತು. ಸಣ್ಣದು, ತುದಿಯಲ್ಲಿ ನೆತ್ತರಿನ ಗೆರೆ. ಮೊದಮೊದಲು ಹಾಗೆಯೇ ಇರುತ್ತದೆ, ಗಾಬರಿ ಬೇಡ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ದೇವರ ಮುಂದೆ ಇಟ್ಟರು. ಮಗಳಿಗೆ ಅದನ್ನು ಬೇಯಿಸಿ ಕೊಡಬೇಕೆಂದು ನಾವು ಹೇಳಿದರೂ ಸಂಜೆಯವರೆಗೆ ಅದು ಅಲ್ಲಿಯೇ ಇತ್ತು.

ಉಳಿದ ಇಪ್ಪತ್ತರಲ್ಲಿ ಹನ್ನೊಂದು ಹೇಂಟೆ, ಒಂಬತ್ತು ಹುಂಜ. ಹೆಣ್ಣುಗಂಡು ವಿಂಗಡಿಸದ ಮರಿ ತಂದರೆ ಅರ್ಧ ಹುಂಜವೆಂದೇ ಲೆಕ್ಕ ಹಿಡಿಯಿರಿ. ಎಂಟು ಹುಂಜಗಳನ್ನು ಮಾರಿದ ಹಣ ಮರಿಗೂ ಮೇವಿಗೂ ಹಾಕಿದ ದುಡ್ಡಿನ ದೊಡ್ಡ ಪಾಲನ್ನು ತೀರಿಸಿತು. ಒಂದನ್ನು ಉಳಿಸಿಕೊಂಡಿದ್ದು ಅಮ್ಮನ ಹಟಕ್ಕೆ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆಯಿಡುತ್ತದೆ, ಅದು ಮರಿಯಾಗದು ಅಷ್ಟೆ. ಗಿರಿರಾಜದ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ಮಾಡಿದರೆ ಮುಂದಿನ ಪೀಳಿಗೆಯಲ್ಲಿ ಗುಣ ಒಂದೇ ತೆರನಾಗಿ ಉಳಿಯುವುದಿಲ್ಲ. ಪ್ರತಿ ತಂಡಕ್ಕೂ ಹೊಸ ಮರಿಯೇ ಲೇಸು.

ಒಂದು ಮೊಟ್ಟೆ ಸಿದ್ಧವಾಗಲು 25-26 ಗಂಟೆ ಬೇಕು. ಹಾಗಾಗಿ ಒಂದೇ ಹೇಂಟೆ ದಿನದಿನಕ್ಕೆ ಸ್ವಲ್ಪ ತಡಮಾಡುತ್ತ ಬಂದು ಒಂದು ದಿನ ಬಿಡುತ್ತದೆ. ಒಳ್ಳೆಯ ತಿಂಗಳಲ್ಲಿ ನಮಗೆ ದಿನಕ್ಕೆ ಆರು, ಜುಲೈನ ಜಡಿಮಳೆಯಲ್ಲಿ ಎರಡು ಮೂರು. ಮೊಟ್ಟೆಯನ್ನು ತೊಳೆಯುವುದಿಲ್ಲ, ಒಣಬಟ್ಟೆಯಲ್ಲಿ ಒರೆಸುತ್ತೇವೆ. ತೊಳೆದರೆ ಮೇಲಿನ ಸಹಜ ಲೇಪ ಹೋಗಿ ಬೇಗ ಕೆಡುತ್ತದೆ. ಗೂಡಿನಡಿಯ ಗೊಬ್ಬರವನ್ನು ಸೊಪ್ಪು, ಉಮಿಯ ಜೊತೆ ಕೊಳೆಸಿ ಅಡಿಕೆಗೆ ಹಾಕುತ್ತೇವೆ. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ.

ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಮ್ಮ ಮಾರುತ್ತಾರೆ. ಲೆಕ್ಕ ನಮಗೆ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಕಳೆದ ಜಾತ್ರೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಬಂದರು.

ಬರುವ ಮಹಾನವಮಿ ಕಳೆದ ವಾರ ನಮ್ಮ ನಾಲ್ಕು ಮನೆಗೂ ಮುಂದಿನ ತಂಡದ ಮರಿ ಬರಲಿದೆ. ಈ ಸಲ ಮನೆಗೆ ಇಪ್ಪತ್ತರಂತೆ ಸಾಕೆಂದು ಗೊತ್ತುಮಾಡಿಕೊಂಡಿರುವುದರಿಂದ ಸೀಸೆಯಲ್ಲಿ ಇಪ್ಪತ್ತು ಹನಿ ಉಳಿಯುತ್ತದೆ. ನಮ್ಮ ಕಡೆಯ ಸದಸ್ಯರಲ್ಲಿ ಯಾರಾದರೂ ಸೇರುವವರಿದ್ದರೆ ಗಣೇಶನ ಹಬ್ಬದೊಳಗೆ ಸಂಘದ ಕಚೇರಿಯಲ್ಲಿ ಹೆಸರು ಕೊಡಿ. ಕಾವಿಗೆ ಕೂತ ಹೇಂಟೆ ಇದ್ದರೆ ಅದನ್ನೂ ತಿಳಿಸಿ. ನಮ್ಮಲ್ಲಿ ಈಗ ಒಂದೇ ಇದೆ.